ಯುದ್ಧಕ್ಕಿಳಿಯದ ದೊರೆ, ಬಿಡುಗಡೆ ಕಾಣದ ನೆಲ

ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂಬ ಮಾತನ್ನು ನಮ್ಮ ಇಂಡಿ, ಸಿಂದಗಿಯ ಕಟ್ಟೆಗಳ ಮೇಲೆ ಈಗಲೂ ಕೇಳುತ್ತೇವೆ. ಉರ್ದು ಮನೆಗಳಲ್ಲಾದರೆ ‘ಅಗರ್-ಮಗರ್ ಛೋಡೋ’ ಎಂದು ಗದರಿ ಮುಗಿಸುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಈ ಅಗರ್-ಮಗರ್ ಒಂದು ಸಾಹಿತ್ಯ ಪ್ರಕಾರವಾಗಿಯೇ ಬೆಳೆದಿದೆ. ನಡೆದ ಚರಿತ್ರೆಯನ್ನು ಒಂದು ತಿರುವಿನಲ್ಲಿ ತಡೆದು, ಹೀಗಾಗದೆ ಹಾಗಾಗಿದ್ದರೆ ಎಂದು ಮುಂದುವರಿಸುವ ಬರಹ ಅದು. ಕತೆ ಬರೆಯುವ ನಮಗೆ ಇದರ ಮೇಲೆ ತಕರಾರಿಲ್ಲ. ನಮ್ಮ ಪ್ರಶ್ನೆ ಒಂದೇ: ಈ ಲೆಕ್ಕವನ್ನು ಯಾರ ಅಂಗಳದಲ್ಲಿ ಕೂತು ಮಾಡಲಾಗುತ್ತಿದೆ?

ಬ್ರಿಟಿಷ್ ಇತಿಹಾಸಕಾರ ನಿಯಾಲ್ ಫರ್ಗ್ಯುಸನ್ 1997ರಲ್ಲಿ ಸಂಪಾದಿಸಿದ ‘ವರ್ಚುವಲ್ ಹಿಸ್ಟರಿ’ ಇಂಥ ಲೇಖನಗಳ ಸಂಕಲನ. 1914ರ ಆಗಸ್ಟಿನಲ್ಲಿ ಬ್ರಿಟನ್ ಯುದ್ಧಕ್ಕಿಳಿಯದೆ ಪಕ್ಕಕ್ಕೆ ನಿಂತಿದ್ದರೆ ಏನಾಗುತ್ತಿತ್ತು ಎಂಬ ಲೇಖನ ಅವರದೇ. ಯುರೋಪು ಜರ್ಮನಿಯ ಮುಂದಾಳತ್ವದ ಒಕ್ಕೂಟದಂತಾಗುತ್ತಿತ್ತು, ಬ್ರಿಟನ್ನಿನ ಹಣ ಮತ್ತು ಸಾಮ್ರಾಜ್ಯ ಅಷ್ಟು ಸೊರಗುತ್ತಿರಲಿಲ್ಲ ಎಂಬುದು ಅದರ ವಾದದ ತಿರುಳು. ಆ ಕಾಲದವರೇ ಯೋಚಿಸಿ ಬರೆದಿಟ್ಟ ದಾರಿಗಳನ್ನು ಮಾತ್ರ ಊಹೆಗೆ ಎತ್ತಿಕೊಳ್ಳಬೇಕು ಎಂಬ ಕಟ್ಟುನಿಟ್ಟು ಅವರದು. ಅದನ್ನು ನಾವು ಮೆಚ್ಚುತ್ತೇವೆ.

ಆದರೆ ಸಾಮ್ರಾಜ್ಯ ಉಳಿಯುವುದು ಅವರ ಕೀರ್ದಿಯಲ್ಲಿ ಜಮಾ, ನಮ್ಮ ಕೀರ್ದಿಯಲ್ಲಿ ಖರ್ಚು. ಆ ಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕಡಲಾಚೆ ಕಳಿಸಲಾಯಿತು. 70,000ಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ ತಟಸ್ಥವಾಗಿದ್ದರೆ ಆ ಜೀವಗಳು ಉಳಿಯುತ್ತಿದ್ದವು, ನಿಜ. ಆದರೆ ಅದರ ಜೊತೆಗೇ ದೊರೆತನದ ಆಯುಷ್ಯವೂ ಬೆಳೆಯುತ್ತಿತ್ತಲ್ಲ?

ಇದಕ್ಕೆ ಊಹೆಯೇ ಬೇಕಿಲ್ಲ, ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಕಸಿದುಕೊಂಡದ್ದು ನಮ್ಮ ವಿಜಾಪುರದ ಆದಿಲ್‌ಶಾಹಿಯಿಂದ. ಅದನ್ನು ಆಳುತ್ತಿದ್ದ ಪೋರ್ಚುಗಲ್, ಸಾಲಾಜಾರನ ಕೈಯಲ್ಲಿ, ಎರಡನೆಯ ಮಹಾಯುದ್ಧದುದ್ದಕ್ಕೂ ತಟಸ್ಥವಾಗಿತ್ತು. ಟಂಗ್‌ಸ್ಟನ್ ಅದಿರನ್ನು ಎರಡೂ ಪಕ್ಷಗಳಿಗೆ ಮಾರಿತು. ಮುರಗಾಂವ ಬಂದರಿನಲ್ಲಿ ಆಸರೆ ಪಡೆದಿದ್ದ ಮೂರು ಜರ್ಮನ್ ಮತ್ತು ಒಂದು ಇಟಾಲಿಯನ್ ಹಡಗುಗಳ ಮೇಲೆ 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತೆಯಿಂದ ಹೊರಟ ಬ್ರಿಟಿಷರ ಗುಪ್ತ ತಂಡ ಎರಗಿತು. ಜೇಮ್ಸ್ ಲೀಸರ್ 1978ರಲ್ಲಿ ಇದನ್ನು ಪುಸ್ತಕ ಮಾಡಿದರು. 1980ರಲ್ಲಿ ಗ್ರೆಗರಿ ಪೆಕ್, ರೋಜರ್ ಮೂರ್ ನಟಿಸಿದ ‘ದಿ ಸೀ ವುಲ್ವ್ಸ್’ ಚಿತ್ರ ಬಂತು. ಚಿತ್ರ ಚುರುಕಾಗಿದೆ, ಬೇಸರ ಬರಿಸುವುದಿಲ್ಲ. ಆದರೆ ಅದರಲ್ಲಿ ಗೋವೆ ಬರೀ ರಂಗಸಜ್ಜಿಕೆ. ಆ ರಾತ್ರಿ ದಡದಲ್ಲಿದ್ದ ಗೋವೆಯವನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವ ಪುರುಸೊತ್ತು ಅದಕ್ಕಿಲ್ಲ.

ದೊರೆಯ ತಟಸ್ಥತೆ ವಸಾಹತಿಗೆ ಕೊಡೆಯೂ ಆಗಲಿಲ್ಲ. ಪೋರ್ಚುಗಲ್ಲಿನದೇ ಆದ ಪೂರ್ವ ತಿಮೋರಿಗೆ 1941ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯ ಮತ್ತು ಡಚ್ ಸೈನ್ಯ ಇಳಿಯಿತು. 1942ರ ಫೆಬ್ರವರಿಯಲ್ಲಿ ಜಪಾನ್ ನುಗ್ಗಿತು. ಅಲ್ಲಿ ಸತ್ತವರ ಸಂಖ್ಯೆಯನ್ನು 40,000ದಿಂದ 70,000 ಎಂದು ಅಂದಾಜಿಸುತ್ತಾರೆ. ಲಿಸ್ಬನ್ನಿನ ಮೇಲೆ ಮಾತ್ರ ಬಾಂಬು ಬೀಳಲಿಲ್ಲ.

ಇನ್ನು ಯುದ್ಧಕ್ಕಿಳಿದ ಬ್ರಿಟನ್ ಬರಿದಾಗಿ 1947ರಲ್ಲಿ ಹೊರಟುಹೋಯಿತು. ಇಳಿಯದ ಪೋರ್ಚುಗಲ್, 1946ರ ಜೂನ್ 18ರಂದು ಮಡಗಾಂವಿನಲ್ಲಿ ಲೋಹಿಯಾ ದನಿ ಎತ್ತಿದರೂ, 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಗುಂಡಿಗೆ ಎದೆಕೊಟ್ಟರೂ ಕದಲಲಿಲ್ಲ. ಕೊನೆಗೆ 1961ರ ಡಿಸೆಂಬರ್ 19ರಂದು ಭಾರತದ ಸೈನ್ಯವೇ ಅದನ್ನು ಹೊರಹಾಕಬೇಕಾಯಿತು. ಈ ಹದಿನಾಲ್ಕು ವರ್ಷಗಳ ತಡಕ್ಕೆ ತಟಸ್ಥತೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಸಾಲಾಜಾರನ ಸರ್ವಾಧಿಕಾರದ ಹಟ ದೊಡ್ಡದಿತ್ತು. ಆದರೆ ಸೊರಗದ ದೊರೆ ತಾನಾಗಿ ಎದ್ದುಹೋಗುವುದಿಲ್ಲ ಎಂಬುದಂತೂ ಖರೆ.

ಹಾಗೆಂದು ಯುದ್ಧವೇ ನಮಗೆ ಸ್ವಾತಂತ್ರ್ಯ ತಂದಿತೆಂದು ಕುಣಿಯಲೂ ಆಗದು. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಆ ಸಾವುಗಳನ್ನು ಬಿಡುಗಡೆಯ ಬೆಲೆಯೆಂದು ಬರೆಯುವ ಕೈ ನಮ್ಮದಾಗದಿರಲಿ.

ಫರ್ಗ್ಯುಸನ್ನರ ಕಟ್ಟುನಿಟ್ಟನ್ನೇ ಹಿಡಿದು ಒಂದು ಮಾತು ಕೇಳೋಣ. ಆ ಕಾಲದ ಭಾರತೀಯರು ಯೋಚಿಸಿ, ಬರೆದಿಟ್ಟ ದಾರಿ ಯಾವುದು? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಇದು ಯಾರ ಸ್ವಾತಂತ್ರ್ಯಕ್ಕಾಗಿ ನಡೆಯುವ ಯುದ್ಧ ಎಂದು ಕಾಂಗ್ರೆಸ್ ಆ ತಿಂಗಳೇ ಕೇಳಿತು. ತೃಪ್ತಿಕರ ಉತ್ತರ ಬಾರದೆ ಅದರ ಪ್ರಾಂತೀಯ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದ್ದೂ ಅದರಲ್ಲಿತ್ತು. ‘ನಮ್ಮನ್ನು ಕೇಳಿದ್ದರೆ?’ ಎಂಬುದೇ ನಮ್ಮವರ ಅಗರ್-ಮಗರ್. ಯುದ್ಧಕ್ಕಿಳಿದ ದೊರೆಯೂ ಕೇಳಲಿಲ್ಲ, ಇಳಿಯದ ದೊರೆಯೂ ಕೇಳಲಿಲ್ಲ. ಈ ‘ಹಾಗಾಗಿದ್ದರೆ’ಯನ್ನು ಮುಂದುವರಿಸುವ ಪುಸ್ತಕವನ್ನು ಕನ್ನಡದಲ್ಲೇ ಯಾರಾದರೂ ಬರೆಯಬೇಕು.

ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ದುಡಿಯಲು ಗೋವೆಗೆ ಗುಳೆ ಹೋದವರು ವಾಸ್ಕೋದಲ್ಲಿ, ಆ ಹಡಗುಗಳು ಸುಟ್ಟು ಮುಳುಗಿದ ನೀರಿನ ದಂಡೆಯಲ್ಲೇ, ಇಂದಿಗೂ ಇದ್ದಾರೆ. ಬರೆಯುವವರು ಮೊದಲು ಅವರ ಖೋಲಿಯಲ್ಲಿ ಒಂದು ರಾತ್ರಿ ಕೂತು ಬರಲಿ.