ಕಂಪನಿಯ ಕಾಸು, ಕಾರ್ಮಿಕರ ಕನಸು

ಚೀನಾದ ಕಲಾವಿದೆ ತ್ಸಾವ್ ಫೆಯ್ ಅವರ ‘ಹೂಸ್ ಯುಟೋಪಿಯಾ’ ಇಪ್ಪತ್ತು ನಿಮಿಷದ ಚಿತ್ರ. ಹೆಸರನ್ನು ಕನ್ನಡಕ್ಕೆ ತಂದರೆ ‘ಯಾರ ಕನಸಿನ ಲೋಕ?’ ಎನ್ನಬಹುದು. 2006ರಲ್ಲಿ ತಯಾರಾದ ಈ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕಲೆ ಓದುವ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ನೋಡಿರುತ್ತೀರಿ. ಆದರೆ ಇದರ ಬಗ್ಗೆ ಮಾತಾಡುವಾಗ ನಾವು ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತೇವೆ. ಕಾರ್ಮಿಕರ ಕನಸುಗಳ ಈ ಚಿತ್ರವನ್ನು ಮಾಡಿಸಿದ್ದು ಅವರಿಗೆ ಸಂಬಳ ಕೊಡುತ್ತಿದ್ದ ಕಂಪನಿಯೇ.

ಜರ್ಮನಿಯ ಸೀಮೆನ್ಸ್ ಕಂಪನಿಗೆ ತನ್ನದೇ ಒಂದು ಕಲಾ ವಿಭಾಗವಿತ್ತು. ಅದು ಚೀನಾದಲ್ಲಿದ್ದ ತನ್ನ ಘಟಕಗಳಿಗೆ ಅಲ್ಲಿನ ಕಲಾವಿದರನ್ನು ಕರೆಸಿತು. 1978ರಲ್ಲಿ ಗುವಾಂಗ್‌ಜೌ ನಗರದಲ್ಲಿ ಹುಟ್ಟಿದ ತ್ಸಾವ್ ಫೆಯ್ ಹೋದದ್ದು ಹತ್ತಿರದ ಫೋಶಾನ್‌ನ ಓಸ್ರಾಮ್ ಬಲ್ಬ್ ಕಾರ್ಖಾನೆಗೆ. ಓಸ್ರಾಮ್ ಆಗ ಸೀಮೆನ್ಸ್‌ಗೆ ಸೇರಿತ್ತು. ಆರು ತಿಂಗಳು ಅಲ್ಲಿ ಕೆಲಸ ಮಾಡಿದ ಆಕೆ ಕಾರ್ಮಿಕರಿಗೆ ಒಂದು ಪ್ರಶ್ನಾವಳಿ ಹಂಚಿದರು. ಊರು ಬಿಟ್ಟು ಯಾಕೆ ಬಂದಿರಿ, ಮುಂದೆ ಏನಾಗಬೇಕು ಅಂದುಕೊಂಡಿದ್ದೀರಿ ಎಂಬಂಥ ಪ್ರಶ್ನೆಗಳು. ಚಿತ್ರ ಹುಟ್ಟಿದ್ದು ಅದಕ್ಕೆ ಬಂದ ಉತ್ತರಗಳಿಂದ.

ಚಿತ್ರಕ್ಕೆ ಮೂರು ಭಾಗ. ಮೊದಲನೆಯದರಲ್ಲಿ ಯಂತ್ರಗಳು. ಗಾಜಿನ ಕೊಳವೆಗಳು ಸಾಲಾಗಿ ಸಾಗುತ್ತವೆ, ಬಲ್ಬುಗಳು ತಿರುಗುತ್ತವೆ. ಎಲ್ಲವೂ ಎಷ್ಟು ಚೆಂದವೆಂದರೆ ಜಾಹೀರಾತೇನೋ ಅನ್ನಿಸುತ್ತದೆ. ಆಮೇಲೆ ಕೈಗಳು ಕಾಣುತ್ತವೆ, ಕೈಗಳ ಹಿಂದೆ ಮುಖಗಳು. ಎರಡನೆಯ ಭಾಗದಲ್ಲಿ ಅದೇ ಕಾರ್ಮಿಕರು ತಾವು ಆಗಬೇಕೆಂದಿದ್ದ ವೇಷದಲ್ಲಿ ಬರುತ್ತಾರೆ. ಬಿಳಿ ಉಡುಪಿನ ಹುಡುಗಿ ಯಂತ್ರಗಳ ನಡುವಿನ ಹಾದಿಯಲ್ಲಿ ಬ್ಯಾಲೆ ಮಾಡುತ್ತಾಳೆ, ಬೆನ್ನಿಗೆ ದೇವತೆಯ ರೆಕ್ಕೆ. ಒಬ್ಬ ಗಿಟಾರ್ ನುಡಿಸುತ್ತಾನೆ. ಪಕ್ಕದಲ್ಲಿರುವವರು ತಲೆಯೆತ್ತದೆ ತಮ್ಮ ಕೆಲಸ ಮುಂದುವರಿಸುತ್ತಾರೆ. ಮೂರನೆಯ ಭಾಗದಲ್ಲಿ ಯಾರೂ ಕುಣಿಯುವುದಿಲ್ಲ. ತಾವು ಕೆಲಸ ಮಾಡುವ ಜಾಗದಲ್ಲೇ ನಿಂತು, ಒಬ್ಬೊಬ್ಬರಾಗಿ ನಮ್ಮನ್ನು ನೋಡುತ್ತಾರೆ.

ಎಲ್ಲರೂ ಮೆಚ್ಚುವುದು ಎರಡನೆಯ ಭಾಗವನ್ನು. ನನಗೆ ತಕರಾರಿರುವುದೂ ಅಲ್ಲೇ. ಅಲ್ಲಿನ ಕನಸುಗಳು ಕಂಪನಿಗೆ ಒಂದಿಷ್ಟೂ ತೊಂದರೆ ಕೊಡುವುದಿಲ್ಲ. ನರ್ತಕಿಯಾಗಬೇಕೆಂಬ ಆಸೆ ಸಂಬಳದ ಚೀಟಿಯನ್ನು ಮುಟ್ಟುವುದಿಲ್ಲ, ಪಾಳಿಯ ಗಂಟೆಗಳನ್ನು ಎಣಿಸುವುದಿಲ್ಲ. ಕಂಪನಿ ಇಂಥ ಕನಸನ್ನು ಚೌಕಟ್ಟು ಹಾಕಿಸಿ ತನ್ನ ಸ್ವಾಗತದ ಕೋಣೆಯಲ್ಲಿ ತೂಗುಹಾಕಬಹುದು.

ಇದು ಹೊಸ ಸಮಸ್ಯೆಯಲ್ಲ. ಸಿನಿಮಾದ ಚರಿತ್ರೆ ಶುರುವಾಗುವುದೇ ಹೀಗೆ. 1895ರಲ್ಲಿ ಲೂಮಿಯೇರ್ ಸೋದರರು ಲಿಯಾನ್ ನಗರದಲ್ಲಿ ತಮ್ಮದೇ ಕಾರ್ಖಾನೆಯ ಬಾಗಿಲಿಗೆ ಕ್ಯಾಮೆರಾ ಇಟ್ಟು, ಹೊರಬರುತ್ತಿದ್ದ ತಮ್ಮದೇ ಕೆಲಸಗಾರರನ್ನು ಸೆರೆಹಿಡಿದರು. ಕ್ಯಾಮೆರಾ ಧಣಿಯದು, ನಡೆದು ಬಂದವರು ಕೂಲಿಯವರು. ನೂರು ವರ್ಷದ ಮೇಲೆ, 1995ರಲ್ಲಿ, ಜರ್ಮನಿಯ ಹರೂನ್ ಫರೋಕಿ ಆ ದೃಶ್ಯವನ್ನೇ ಹಿಡಿದು ಒಂದು ಚಿತ್ರ ಮಾಡಿದರು. ಸಿನಿಮಾ ಹೆಚ್ಚಾಗಿ ಕಾರ್ಖಾನೆಯ ಹೊರಗೇ ನಿಂತಿದೆ ಎಂಬುದು ಅವರು ಅದರಲ್ಲಿ ತೋರಿಸಿದ ಸಂಗತಿ. ತ್ಸಾವ್ ಫೆಯ್ ಒಳಗೆ ಹೋದರು. ಹೋಗಲು ಸಾಧ್ಯವಾದದ್ದು ಧಣಿ ಬಾಗಿಲು ತೆರೆದದ್ದರಿಂದ.

ಬಿಟಿಎಂ ಲೇಔಟಿನಲ್ಲಿ ಕೂತು ಈ ಚಿತ್ರ ನೋಡುವಾಗ ನನಗೆ ಬೇರೆ ಕನಸುಗಳು ನೆನಪಾಗುತ್ತವೆ. ನಮ್ಮ ಪಕ್ಕದ ಮೈಕೋ ಲೇಔಟ್ ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ಹೆಸರು ಪಡೆದದ್ದು. ಅದೂ ಜರ್ಮನಿಯ ನಂಟಿದ್ದ ಕಾರ್ಖಾನೆಯೇ, ಈಗಿನ ಬಾಷ್. ಆ ತಲೆಮಾರಿನ ನೌಕರರ ಕನಸಿಗೆ ಉದ್ದಗಲ ಇತ್ತು: ಒಂದು ಸೈಟು, ಒಂದು ಮನೆ. ಇಲ್ಲಿಂದ ಸ್ವಲ್ಪವೇ ದೂರದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರ ಕನಸಿಗೂ ಲೆಕ್ಕವಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಮುಂದೆ ನಿಂತು ನಡೆಸಿದ ದೊಡ್ಡ ನಾಯಕರಿರಲಿಲ್ಲ. ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಮರುದಿನವೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಮಗಳ ಮದುವೆ, ಮಗನ ಫೀಸು, ಊರಿನ ಸಾಲ ಎಲ್ಲವೂ ಆ ಪಿಎಫ್ ಹಣದಲ್ಲಿದ್ದವು. ಅದೂ ಕನಸೇ, ಆದರೆ ಅದಕ್ಕೆ ರೆಕ್ಕೆ ಕಟ್ಟಿ ಕುಣಿಸಲು ಬರುವುದಿಲ್ಲ. ಕಂಪನಿಯ ಹಣದಲ್ಲಿ ಮಾಡಿದ ಚಿತ್ರದಲ್ಲಿ ಆ ಹೆಂಗಸರಿಗೆ ಜಾಗ ಸಿಗುತ್ತಿತ್ತೇ? ‘ಹೂಸ್ ಯುಟೋಪಿಯಾ’ದ ಎರಡನೆಯ ಭಾಗದಲ್ಲಂತೂ ಸಿಗುತ್ತಿರಲಿಲ್ಲ.

ಮೂರನೆಯ ಭಾಗದಲ್ಲಿ ಸಿಗುತ್ತಿತ್ತು ಅಂದುಕೊಂಡಿದ್ದೇನೆ. ಅದಕ್ಕೇ ಈ ಚಿತ್ರವನ್ನು ನಾನು ಕೈಬಿಟ್ಟಿಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ: ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುವ ಲೈನಿನಲ್ಲಿ ಸುಮ್ಮನೆ ನಿಲ್ಲುವುದೆಂದರೆ ಏನು ಅಂತ. ಸೂಪರ್‌ವೈಸರ್ ಬಂದು ನಿಂತಿರುತ್ತಾನೆ. ಫೋಶಾನ್‌ನ ಹುಡುಗ ಹುಡುಗಿಯರು ಅಂಥದೇ ಜಾಗದಲ್ಲಿ, ಕೆಲಸದ ನೆಲದ ಮೇಲೆ, ಏನೂ ಮಾಡದೆ ನಿಲ್ಲುತ್ತಾರೆ. ನಗುವುದಿಲ್ಲ, ಕೃತಜ್ಞತೆ ತೋರಿಸುವುದಿಲ್ಲ. ಕಂಪನಿ ನಾಟ್ಯಕ್ಕೆ ಹಣ ಕೊಟ್ಟಿತ್ತು. ಕಲಾವಿದೆ ಅದರಲ್ಲಿ ಅವರಿಗೆ ಬಿಡುವನ್ನೂ ಕೊಡಿಸಿದರು. ಆ ನೋಟ ನಮ್ಮನ್ನು ಕೇಳುವುದು ಶೀರ್ಷಿಕೆಯ ಪ್ರಶ್ನೆಯನ್ನೇ. ಆದರೆ ಈಗ ಕೇಳುತ್ತಿರುವವರು ಅವರು.

ಕೊನೆಯಲ್ಲಿ ಕೆಲವರು ಒಂದೊಂದು ತುಂಡು ಅಕ್ಷರ ಬರೆದ ಟೀ-ಶರ್ಟ್ ತೊಟ್ಟು ನಿಲ್ಲುತ್ತಾರೆ. ಎಲ್ಲ ಸೇರಿದರೆ ‘ನನ್ನ ನಾಳೆ ಕನಸಲ್ಲ’ ಎಂದಾಗುತ್ತದೆ. ಅದೇ ಮೂರನೆಯ ಭಾಗದ ಹೆಸರು. ಒಬ್ಬೊಬ್ಬರನ್ನೇ ನೋಡಿದರೆ ಅರ್ಥವಾಗದ ಮಾತು ಒಟ್ಟಿಗೆ ನಿಂತಾಗ ಓದಲು ಬರುತ್ತದೆ. ಕುಣಿತದಲ್ಲಿ ಒಂಟಿಯಾಗಿದ್ದವರು ಇಲ್ಲಿ ಮಾತ್ರ ಗುಂಪಾಗುತ್ತಾರೆ.

2013ರಲ್ಲಿ ಓಸ್ರಾಮ್ ಸೀಮೆನ್ಸ್‌ನಿಂದ ಬೇರೆಯಾಯಿತು. 2017ರ ಹೊತ್ತಿಗೆ ತನ್ನ ಸಾಂಪ್ರದಾಯಿಕ ದೀಪಗಳ ವ್ಯವಹಾರವನ್ನು ಚೀನಾದ ಹೂಡಿಕೆದಾರರಿಗೆ ಮಾರಿತು. ಎಲ್‌ಇಡಿ ಬಂದ ಮೇಲೆ ಆ ಬಲ್ಬುಗಳಿಗೆ ಬೆಲೆಯಿರಲಿಲ್ಲ. ಮಾಡಿಸಿದವರು ಕೈ ತೊಳೆದುಕೊಂಡ ಮೇಲೂ ಚಿತ್ರ ಉಳಿದಿದೆ. ಆದ್ದರಿಂದ ಕಂಪನಿ ಹಣ ಕೊಟ್ಟ ಕಲೆಯನ್ನು ಕಂಡ ಕೂಡಲೇ ತಳ್ಳಿಹಾಕುವುದೂ ಬೇಡ, ಚೆಂದ ಕಂಡು ಮೈಮರೆಯುವುದೂ ಬೇಡ. ಅದರಲ್ಲಿ ಯಾರಿಗೆ ಸುಮ್ಮನೆ ನಿಲ್ಲುವ ಹಕ್ಕು ಸಿಕ್ಕಿದೆ ಎಂದು ನೋಡೋಣ. ಬೆಂಗಳೂರಿನ ಕಂಪನಿಗಳೂ ಈಗ ಕಲೆಗೆ ಹಣ ಕೊಡುತ್ತಿವೆ. ನಮ್ಮ ಕಲಾವಿದರು ಆ ಹಣ ತೆಗೆದುಕೊಳ್ಳಲಿ. ಜೊತೆಗೆ ಸಂಬಳದ ಚೀಟಿಯನ್ನೂ ಕೇಳಿ ಪಡೆದು ಚೌಕಟ್ಟಿನೊಳಗೆ ತರಲಿ.