ಸಾಯೋರ ಮಾತು, ಬರೆಯೋರ ಕೈ

"ಸಾಯೋ ಹೊತ್ತಿನಾಗ ಯಾರರ ಸುಳ್ಳ ಹೇಳ್ತಾರೇನ್ರಿ?" ನಮ್ಮ ಶಹಾಪುರ, ಸುರಪುರದ ಕಡೆ ಸುಟ್ಟು ಸತ್ತ ಸೊಸೆಯ ಸುದ್ದಿ ಬಂದಾಗ ಕಟ್ಟೆ ಮೇಲೆ ಕೇಳೋ ಮಾತಿದು. ಕಾನೂನೂ ಹೆಚ್ಚುಕಮ್ಮಿ ಇದನ್ನೇ ನಂಬುತ್ತೆ. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ. ಮರಣಪೂರ್ವ ಹೇಳಿಕೆ ನಂಬುವಂತಿದ್ದರೆ ಅದೊಂದರ ಮೇಲೇ ಶಿಕ್ಷೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ನಾಲ್ಕು ಗೋಡೆಯೊಳಗಿನ ಕೊಲೆಗೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಈ ಕಲಂ ಬೇಕೇ ಬೇಕು. ನನ್ನ ತಕರಾರು ಆ ಮಾತು ಕಾಗದಕ್ಕೆ ಇಳಿಯೋ ರೀತಿಯ ಬಗ್ಗೆ.

1998ರಲ್ಲಿ ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಗಳು ಸುಟ್ಟಗಾಯಗಳಿಂದ ತೀರಿಕೊಂಡಳು. ಗಂಡನ ಮೇಲಿನ ಕೇಸಲ್ಲ, ಎರಡು ಮನೆಗಳ ಜಗಳ. ಹೇಳಿಕೆ ಬರೆದುಕೊಂಡದ್ದು ಪೊಲೀಸರು, ಮ್ಯಾಜಿಸ್ಟ್ರೇಟ್ ಅಲ್ಲ. ಕೆಳಗಿನ ಕೋರ್ಟ್ ಆರೋಪಿಗಳನ್ನ ಬಿಟ್ಟಿತು, ಹೈಕೋರ್ಟ್ ಶಿಕ್ಷಿಸಿತು, 2021ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಮೈ ಶೇ 80ರಷ್ಟು ಸುಟ್ಟ, ಓದುಬರಹ ಬಾರದವಳು ಇಷ್ಟೊಂದು ಸಣ್ಣ ವಿವರಗಳನ್ನ ಒಪ್ಪವಾಗಿ ಹೇಳಿದಳೇ ಅನ್ನೋ ಅನುಮಾನವೂ ಕಾರಣಗಳಲ್ಲಿ ಒಂದು.

ನನಗೆ ಕಾಡಿದ್ದು ಇದೇ. ನಮ್ಮ ಕಡೆ ಹೆಣ್ಣುಮಗಳು "ಅಂವಾ ಎಣ್ಣಿ ಸುರದು ಕಡ್ಡಿ ಗೀರ್ದ" ಅಂತಾಳೆ. ಕಾಗದದಲ್ಲಿ "ಸದರಿ ಆರೋಪಿಯು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿರುತ್ತಾನೆ" ಅಂತ ಬಂದರೆ ಆಗ ಮಾತು ಯಾರದು? ಆಕೆ ಲಂಬಾಣಿಯಲ್ಲೋ ಉರ್ದುವಲ್ಲೋ ಹೇಳಿದ್ದರೆ ಇನ್ನೂ ದೂರ. ನಾವು ಸಾಫ್ಟ್‌ವೇರ್‌ನವರು ಲಾಗ್ ಫೈಲ್ ತಿದ್ದಲ್ಲ. ತಿದ್ದಿದರೆ ಅದು ಲಾಗ್ ಅಲ್ಲ, ವರದಿ. ಪೊಲೀಸ್ ಕನ್ನಡ ಒಳ್ಳೇ ಉದ್ದೇಶದಿಂದ ಬಂದರೂ ಕೊನೆಗೆ ವಕೀಲರ ಕೈಗೆ ಸಿಗೋ ಆಯುಧ.

ಇನ್ನೊಂದು ಮುಖ ನೋಡಿ. ಆಸ್ಪತ್ರೆಗೆ ಹೊತ್ತು ತಂದವರು ಗಂಡನ ಮನೆಯವರೇ ಇರ್ತಾರೆ. ಅವರ ಎದುರು "ಸ್ಟೋವ್ ಹಾರ್ತು" ಅಂತಾಳೆ. ಅಪ್ಪ ಅವ್ವ ಬಂದ ಮೇಲೆ "ಗಂಡ ಹಚ್ಚಿದ" ಅಂತಾಳೆ. ಎರಡರಲ್ಲಿ ಒಂದು ಹೆದರಿಕೆಯ ಮಾತಿರಬಹುದು, ಒಂದು ಕಲಿಸಿದ ಮಾತೂ ಇರಬಹುದು. ಯಾವುದು ಅಂತ ಕಾಗದ ಹೇಳಲ್ಲ, ಪಕ್ಕದಲ್ಲಿ ಯಾರಿದ್ದರು ಅಂತ ಬರೆದಿಟ್ಟರೆ ಮಾತ್ರ ಒಂದಿಷ್ಟು ಗೊತ್ತಾದೀತು.

2002ರಲ್ಲಿ ಸಂವಿಧಾನ ಪೀಠ, ವೈದ್ಯರ ಪ್ರಮಾಣಪತ್ರ ಕಡ್ಡಾಯವಲ್ಲ, ಪ್ರಜ್ಞೆ ಇತ್ತು ಅಂತ ಬರೆದುಕೊಂಡವರಿಗೆ ಮನವರಿಕೆಯಾಗಿದ್ದರೆ ಸಾಕು ಅಂತು. ಒಪ್ಪೋಣ. ಹಾಗಾದರೆ ಬರೆಯೋರ ಮೇಲಿನ ಭಾರ ಹೆಚ್ಚಾಗಬೇಕಲ್ಲ? ಪ್ರಶ್ನೆ ಬೇರೆ, ಉತ್ತರ ಬೇರೆ ಬರೆಯಿರಿ. ಆಕೆಯ ಮಾತನ್ನ ಆಕೆಯ ಭಾಷೆಯಲ್ಲೇ ಬರೆಯಿರಿ. ಸಂಬಂಧಿಕರನ್ನ ಹೊರಗೆ ನಿಲ್ಲಿಸಿ. ಜೇಬಿನಲ್ಲಿರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ಇದರಿಂದ ಕೊಂದವನಿಗೆ ತಪ್ಪಿಸಿಕೊಳ್ಳೋದು ಕಷ್ಟ, ಕೊಲ್ಲದವನು ಜೈಲಿಗೆ ಹೋಗೋದೂ ಕಷ್ಟ. ಸಾಯೋರು ಸುಳ್ಳು ಹೇಳಲ್ಲ ಅಂತಲೇ ನಂಬೋಣ. ಬದುಕಿರೋರು ಅದನ್ನ ಹೇಳಿದ ಹಾಗೇ ಬರೆದುಕೊಳ್ಳಲಿ.