ಸಾಹಿತ್ಯ ಮತ್ತು ಸಮಕಾಲೀನತೆ: ‘ತಲೆದಂಡ’ವನ್ನು ಕುರಿತು ಒಂದು ವಿಚಾರ



ಸಾಹಿತ್ಯವು ತನ್ನ ಕಾಲದ ಆಗುಹೋಗುಗಳಿಗೆ ಸ್ಪಂದಿಸಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸ್ಪಂದಿಸುವ ಬಗೆ ಯಾವುದೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ ತಲೆದೋರುತ್ತದೆ. ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಹೋರಾಡಿ ಮಡಿದ ಹಲಗಲಿಯ ಬೇಡರ ಕಥೆ ಲಾವಣಿಕಾರರ ಕೊರಳಿನಿಂದ ಹಳ್ಳಿಹಳ್ಳಿಗೆ ಹಬ್ಬಿತು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ, ಬೀಸುಕಲ್ಲಿನ ಮುಂದೆ ಹುಟ್ಟಿದ ಪದವೂ ಸಾಹಿತ್ಯವೇ ಎಂದು ತೋರಿಸಿಕೊಟ್ಟರು. ಜನಪ್ರಿಯವಾದುದೆಲ್ಲ ಹಗುರವೆಂದು ಬಗೆಯುವ ಪಂಡಿತರಿಗೆ ಇಷ್ಟು ನಿದರ್ಶನ ಸಾಕು.

ಆದರೆ ಜನಪ್ರಿಯವಾದುದೆಲ್ಲ ಸತ್ಯವೇ? ಈ ಪ್ರಶ್ನೆಯನ್ನು ಬಸವಣ್ಣನವರ ಚರಿತ್ರೆಯನ್ನೇ ಮುಂದಿಟ್ಟು ಕೇಳಿದ ಕೃತಿ ಗಿರೀಶ ಕಾರ್ನಾಡರ ‘ತಲೆದಂಡ’. ಮಂಡಲ ಆಯೋಗದ ಹಾಗೂ ಮಂದಿರದ ವಿವಾದಗಳು ದೇಶವನ್ನು ಕಲಕುತ್ತಿದ್ದ 1989ರಲ್ಲಿ ರಚಿತವಾದ ಈ ನಾಟಕದಲ್ಲಿ ಆ ವಿವಾದಗಳ ಹೆಸರು ಒಮ್ಮೆಯೂ ಬರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವೇ ಅದರ ರಂಗಭೂಮಿ. ಹಾಗಿದ್ದೂ ಅಂದಿನ ಪ್ರೇಕ್ಷಕನಿಗೆ ಅದು ತನ್ನ ಓಣಿಯ ಕಥೆಯೇ ಆಗಿ ಕಂಡಿತು.

ನಾಟಕದ ಆದಿಯಲ್ಲಿ ಬರುವ ಭಂಡಾರದ ಪ್ರಸಂಗವನ್ನು ಗಮನಿಸಿರಿ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದ ಪರಂಪರೆಯಲ್ಲಿ ಭಂಡಾರದ ಲೆಕ್ಕ ಸರಿಹೋಗುವುದು ಪವಾಡದಿಂದ. ಕಾರ್ನಾಡರಲ್ಲಿ ಹಣವು ಮೊದಲಿನಿಂದಲೂ ಸರಿಯಾಗಿಯೇ ಇದೆ. ಆದರೂ ನೆರೆದ ಜನ ಪವಾಡವಾಯಿತೆಂದು ಸಂಭ್ರಮಿಸುತ್ತಾರೆ. ಬಸವಣ್ಣನವರಿಗೆ ಆ ಸಂಭ್ರಮವೇ ವ್ಯಥೆ. ಒಬ್ಬ ಭಂಡಾರಿಯ ಪ್ರಾಮಾಣಿಕತೆ ಜನರನ್ನು ಬೆರಗುಗೊಳಿಸಲಿಲ್ಲ, ಗಾಳಿಮಾತು ಬೆರಗುಗೊಳಿಸಿತು! ಕಾಯಕದ ಹಿರಿಮೆಯನ್ನು ಇದಕ್ಕಿಂತ ಮರ್ಮಸ್ಪರ್ಶಿಯಾಗಿ ರಂಗದ ಮೇಲೆ ತಂದ ಪ್ರಸಂಗಗಳು ವಿರಳ.

ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆಯುವ ವಿವಾಹದ ಮುನ್ನ ಬಸವಣ್ಣನವರು ಅಳುಕಿದರೆಂದು ಚಿತ್ರಿಸಿರುವುದು ಕೆಲವು ಭಕ್ತರಿಗೆ ನೋವುಂಟುಮಾಡಿದೆ. ನಮಗೆ ಆ ಅಳುಕು ಹೇಡಿತನವಾಗಿ ತೋರುವುದಿಲ್ಲ. ತನ್ನ ಮಾತಿನ ಬೆಲೆಯನ್ನು ಬೇರೊಬ್ಬರ ಮಕ್ಕಳು ತೆರಬೇಕಾದೀತೆಂದು ಅರಿತವನಿಗೆ ಮಾತ್ರ ಬರುವ ಕರುಣೆ ಅದು. ನಾಟಕದ ನಿಜವಾದ ಕೊರತೆ ಬೇರೆಯೆಡೆ ಇದೆ. ಬಿಜ್ಜಳನ ಪಾತ್ರವು ಬಸವಣ್ಣನವರ ಪಾತ್ರಕ್ಕಿಂತ ಹೆಚ್ಚು ರಕ್ತಮಾಂಸಗಳಿಂದ ತುಂಬಿದೆ. ಕಲ್ಯಾಣ ಉರಿದುಬಿದ್ದ ದಿನ ಕಣ್ಣಿಗೆ ಕಟ್ಟುತ್ತದೆ. ಕಾಯಕ, ದಾಸೋಹ, ಅನುಭಾವಗಳಿಂದ ಅದು ಕಟ್ಟಲ್ಪಟ್ಟ ನೂರಾರು ಸಾಮಾನ್ಯ ದಿನಗಳು ಮರೆಯಾಗುತ್ತವೆ. ವರ್ತಮಾನದ ಉರಿಯನ್ನು ಹಿಡಿಯಹೊರಟ ಸಾಹಿತ್ಯಕ್ಕೆ ಈ ಅಪಾಯ ಎಂದಿಗೂ ತಪ್ಪಿದ್ದಲ್ಲ.

ಭಂಡಾರದ ಆ ಪ್ರಸಂಗ ಇಂದು ನಮ್ಮ ಅಂಗೈಯಲ್ಲಿಯೇ ನಡೆಯುತ್ತಿದೆ. ಮೊಬೈಲಿನಲ್ಲಿ ದಿನಬೆಳಗಾದರೆ ಬಸವಣ್ಣನವರ ಭಾವಚಿತ್ರದೊಡನೆ ಅವರು ನುಡಿಯದ ನುಡಿಗಳು ಹರಿದುಬರುತ್ತವೆ. ಕೆಲವಕ್ಕೆ ಅಂಕಿತವೂ ಉಂಟು! ಮುದ್ದೇಬಿಹಾಳದಿಂದ ಸಿಂದಗಿಯವರೆಗೆ ಜಾತ್ರೆಯ ವೇದಿಕೆಗಳ ಮೇಲೆ, ಬಸವಣ್ಣನವರು ಜನಿಸಿದ ಬಾಗೇವಾಡಿಯ ನೆಲದಲ್ಲಿಯೇ, ಅಂತಹ ನುಡಿಗಳಿಗೆ ಚಪ್ಪಾಳೆ ಬೀಳಬಹುದು. ಅಂಕಿತವು ಶರಣರ ಹಸ್ತಾಕ್ಷರ. ಅದನ್ನು ಅನುಕರಿಸುವುದು ಭಂಡಾರಕ್ಕೆ ಖೊಟ್ಟಿ ನಾಣ್ಯ ಸೇರಿಸಿದಂತೆ.

ಈ ಭಂಡಾರಕ್ಕೆ ಲೆಕ್ಕವಿಟ್ಟವರು ನಮ್ಮವರೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1993ರಲ್ಲಿ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಪ್ರಧಾನ ಸಂಪಾದಕರಾಗಿದ್ದವರು ಸಿಂದಗಿ ತಾಲೂಕಿನಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರು. ಅವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಕಲ್ಯಾಣದ ಕಥೆ ಮುಗಿದ ಕಥೆಯೆಂದು ಯಾರು ಹೇಳಬಲ್ಲರು?

ಆದುದರಿಂದ ವಾಚಕರಲ್ಲಿ ನಮ್ಮ ಸೂಚನೆ ಇಷ್ಟೇ: ನಾಟಕವನ್ನು ನೋಡಿರಿ, ಲಾವಣಿಯನ್ನು ಕೇಳಿರಿ, ಮೊಬೈಲನ್ನೂ ಬಳಸಿರಿ. ಆದರೆ ವಚನವೆಂದು ಬಂದುದನ್ನು ಮತ್ತೊಬ್ಬರಿಗೆ ದಾಟಿಸುವ ಮೊದಲು ಮಠದಲ್ಲಿಯೋ ಗ್ರಂಥಾಲಯದಲ್ಲಿಯೋ ಇರುವ ಸಂಪುಟವನ್ನು ಒಮ್ಮೆ ತೆರೆದು ನೋಡಿರಿ. ಲೆಕ್ಕ ನೋಡುವುದೂ ಭಕ್ತಿಯೇ.